ಮರಳಿ ಬಂದ ತೊಟ್ಟಿಲು

ನಮ್ಮ ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಮುಂದೆ ಹೋದರೆ ಘಾಟಿ ಸುಬ್ರಹ್ಮಣ್ಯ ಸಿಗುತ್ತದೆ. ಸಂತಾನವನ್ನು ಬೇಡಿ ಬಂದವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಇತ್ತ ಹೆಬ್ಬಾಳದ ಕಡೆ ಹೊರಟರೆ ಬಂಜೆತನದ ಚಿಕಿತ್ಸೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ನಮ್ಮ ನೆರೆಮನೆಯ ಸೊಸೆ ಈ ಎರಡು ದಾರಿಗಳನ್ನೂ ತುಳಿದವಳು.

ಏಳು ವರ್ಷ ಕಾದು, ಚಿಕಿತ್ಸೆಯಿಂದ ಆಕೆ ಒಂದು ಗಂಡುಮಗುವನ್ನು ಪಡೆದಳು. ಮಗುವಿಗೆ ವರ್ಷ ತುಂಬುವ ಮೊದಲೇ, ಯಾವ ಸೂಜಿಮದ್ದೂ ಇಲ್ಲದೆ ಮತ್ತೆ ಬಸುರಾದಳು. ಮೂರು ತಿಂಗಳು ಕಳೆಯುವವರೆಗೆ ಆಕೆಗೇ ಅದು ತಿಳಿಯಲಿಲ್ಲ. ಮೊಲೆಯೂಡಿಸುವ ದಣಿವೆಂದೇ ಎಣಿಸಿದ್ದಳು. ಸುದ್ದಿ ಕೇಳಿದ ಅತ್ತೆ, "ಹಾಗಾದರೆ ಅಷ್ಟು ದುಡ್ಡು ಸುರಿದದ್ದು ದಂಡವೇ ಆಯಿತಲ್ಲ!" ಎಂದರಂತೆ. ಹುಡುಗಿ ನಮ್ಮ ಮನೆಗೆ ಬಂದು ಕೂತು ಅತ್ತಳು. "ಅಜ್ಜಿ, ನಾನೇನು ಸುಳ್ಳು ಬಂಜೆಯಾಗಿದ್ದೆನೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಈ ಚಿಕಿತ್ಸೆಯ ಚರಿತ್ರೆಯಲ್ಲಿಯೇ ಇದೆ. ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನಲ್ಲಿ ಹುಟ್ಟಿದುದು 1978ರ ಜುಲೈ 25ರಂದು. ತಾಯಿ ಲೆಸ್ಲಿಯ ಅಂಡನಾಳಗಳು ಮುಚ್ಚಿಹೋಗಿದ್ದುವು. ಸ್ಟೆಪ್ಟೋ, ಎಡ್ವರ್ಡ್ಸ್ ಮತ್ತು ಜೀನ್ ಪರ್ಡಿ ಇವರು ಅಂಡವನ್ನು ಹೊರತೆಗೆದು, ಗಾಜಿನ ತಟ್ಟೆಯಲ್ಲಿ ಫಲಗೊಳಿಸಿ, ಗರ್ಭಕೋಶಕ್ಕೆ ಸೇರಿಸಿದರು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ 'ದುರ್ಗಾ' ಹುಟ್ಟಿದಳು. ಅಲ್ಲಿಯೂ ತಾಯಿಯ ನಾಳಗಳದೇ ತೊಡಕು. ಇಂಥ ತಾಯಂದಿರು ಎರಡನೆಯ ಮಗು ತಾನಾಗಿ ಬಂದೀತೆಂದು ನಂಬಿ ಕೂರುವಂತಿರಲಿಲ್ಲ. ಲೆಸ್ಲಿಯ ಎರಡನೆಯ ಮಗಳು ನಟಾಲಿ 1982ರಲ್ಲಿ ಹುಟ್ಟಿದುದೂ ಇದೇ ಚಿಕಿತ್ಸೆಯಿಂದ. ಚಿಕಿತ್ಸೆಗೆ ಹೋದವಳಿಗೆ ಬೇರೆ ದಾರಿಯೇ ಇಲ್ಲವೆಂಬ ಭಾವನೆಗೆ ಆ ಕಾಲದಲ್ಲಿ ಆಧಾರವಿತ್ತು.

ಆದರೆ ಚಿಕಿತ್ಸೆ ಅಲ್ಲಿಗೇ ನಿಲ್ಲಲಿಲ್ಲ. ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಚುಚ್ಚಿ ಸೇರಿಸುವ ವಿಧಾನದಿಂದ ಬಸಿರು ನಿಂತುದನ್ನು 1992ರಲ್ಲಿ ಬ್ರಸೆಲ್ಸಿನ ವೈದ್ಯರು ಪ್ರಕಟಿಸಿದರು. ಗಂಡಸಿನ ಕೊರತೆಗೂ ಉಪಾಯ ದೊರೆಯಿತು. ಇಂಥದೇ ಕಾರಣವೆಂದು ಹೇಳಲಾಗದ ದಂಪತಿಗಳೂ ಚಿಕಿತ್ಸೆಗೆ ಬಂದರು. ಇವರಲ್ಲಿ ಅನೇಕರ ಬಾಗಿಲಿಗೆ ಬೀಗ ಬಿದ್ದಿರಲಿಲ್ಲ; ಬಾಗಿಲು ಬಿಗಿದುಕೊಂಡಿತ್ತು, ಅಷ್ಟೆ. ಚಿಕಿತ್ಸೆ ಬೆಳೆಯಿತು, ಜನರ ಭಾವನೆ ಮಾತ್ರ 1978ರಲ್ಲಿಯೇ ಉಳಿಯಿತು.

2023ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 1980ರಿಂದ 2021ರವರೆಗಿನ 11 ಅಧ್ಯಯನಗಳನ್ನು ಒಟ್ಟುಗೂಡಿಸಿ, 5,000ಕ್ಕೂ ಹೆಚ್ಚು ಮಹಿಳೆಯರ ಸಂಗತಿಯನ್ನು ಪರಿಶೀಲಿಸಿದರು. ಚಿಕಿತ್ಸೆಯಿಂದ ಮಗುವನ್ನು ಪಡೆದ ಐವರಲ್ಲಿ ಒಬ್ಬಳಾದರೂ ಮುಂದೆ ತಾನಾಗಿ ಬಸುರಾಗಿದ್ದಳು. ಹೆಚ್ಚಿನವರು ಮೂರು ವರ್ಷದೊಳಗೆ.

ಉಳಿದ ನಾಲ್ವರನ್ನು ನಾವು ಮರೆಯಬಾರದು. ಎರಡನೆಯ ಮಗು ಬೇಕೆನ್ನುವವರು ಇದನ್ನೇ ನಂಬಿ ವಯಸ್ಸು ಕಳೆದುಕೊಳ್ಳುವುದು ಸರಿಯಲ್ಲ. ಹಾಗೆಯೇ, ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ 24 ತಿಂಗಳಾದರೂ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಮಾತು ಚಿಕಿತ್ಸೆಯಿಂದ ತಾಯಿಯಾದವಳಿಗೂ ಸಲ್ಲುತ್ತದೆ. ನಮ್ಮ ಹುಡುಗಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆಕೆ ಕೇಳಲೂ ಇಲ್ಲ; ತನಗೆ ಅದರ ಅಗತ್ಯವಿದೆಯೆಂದು ಆಕೆಗೆ ಹೊಳೆಯುವುದಾದರೂ ಹೇಗೆ?

ಇಷ್ಟನ್ನೂ ನಾನು ಅತ್ತೆಗೆ ಹೇಳಿದೆ. "ಏಳು ವರ್ಷ ಕಾದವರಿಗೆ ಎಂಟನೆಯ ವರ್ಷದಲ್ಲಿ ಏನಾಗುತ್ತದೆಂದು ಗೊತ್ತಿರುತ್ತದೆಯೆ? ಮೊಮ್ಮಗನನ್ನು ಎತ್ತಿಕೊಂಡು ದಂಡವೆನ್ನುತ್ತೀರಾ?" ಎಂದು ಕೇಳಿದೆ. ಅವರು ಮಾತನಾಡಲಿಲ್ಲ.

ಕಳೆದ ತಿಂಗಳು ಹೆಣ್ಣುಮಗು ಹುಟ್ಟಿತು. ಇನ್ನು ಬೇಕಾಗದೆಂದು ನಂಟರಿಗೆ ಕೊಟ್ಟುಬಿಟ್ಟಿದ್ದ ತೊಟ್ಟಿಲನ್ನು ಅತ್ತೆಯೇ ಯಶವಂತಪುರಕ್ಕೆ ಹೋಗಿ ಮರಳಿ ತಂದರು.