ಪೂರ್ವ ಹಾರ್ಲೆಮಿನ ಲ್ಯಾಟಿನ್ ಸಂಗೀತ: ಒಂದು ಕೇರಿಯ ಚರಿತ್ರೆ

ನ್ಯೂಯಾರ್ಕ್ ನಗರದ ಮ್ಯಾನ್‌ಹಾಟನ್ ದ್ವೀಪದಲ್ಲಿ 96ನೆಯ ಬೀದಿಯಿಂದ ಉತ್ತರಕ್ಕೆ, ಐದನೆಯ ಅವೆನ್ಯೂವಿಗೂ ಪೂರ್ವದ ಹೊಳೆಗೂ ನಡುವೆ ಹರಡಿರುವ ಪ್ರದೇಶಕ್ಕೆ ಪೂರ್ವ ಹಾರ್ಲೆಮ್ ಎಂದು ಹೆಸರು. ಅಲ್ಲಿ ನೆಲಸಿದ ಸ್ಪ್ಯಾನಿಷ್ ಭಾಷಿಕರು ಅದನ್ನು 'ಎಲ್ ಬಾರಿಯೊ' ಎಂದು ಕರೆಯುತ್ತ ಬಂದಿದ್ದಾರೆ. 'ಕೇರಿ' ಎಂಬ ನಮ್ಮ ಮಾತು ಅದಕ್ಕೆ ಚೆನ್ನಾಗಿ ಹೊಂದುವುದು. ಕ್ಯೂಬಾ, ಪೋರ್ಟೊರಿಕೊ ದ್ವೀಪಗಳ ಹಾಡುಕುಣಿತಗಳಿಂದ ಬೆಳೆದು ಇಂದು ಲ್ಯಾಟಿನ್ ಸಂಗೀತವೆಂದು ವಿಖ್ಯಾತವಾಗಿರುವ ನಗರಸಂಗೀತವು ಯಾರ ಸ್ವತ್ತೆಂಬ ವಿವಾದವು ಬಹುಕಾಲದಿಂದ ನಡೆದಿದೆ. ಲಯವೂ ರೂಪವೂ ತಮ್ಮವೆಂದು ಕ್ಯೂಬಾದವರು ಹೇಳುವರು. ಅದನ್ನು ನುಡಿಸಿ ಉಳಿಸಿದವರು ತಾವೆಂದು ಪೋರ್ಟೊರಿಕೊದವರು ಹೇಳುವರು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಈ ವಾದಗಳೆರಡೂ ಕೇರಿಯನ್ನು ಸರಕು ಬಂದಿಳಿದ ಬಂದರಿನಂತೆ ಮಾತ್ರ ಎಣಿಸುತ್ತವೆ. ಸರಕನ್ನು ಮಾಡಿದವರಲ್ಲಿ ಕೇರಿಯೂ ಒಂದೆಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

1898ರ ಯುದ್ಧದ ತರುವಾಯ ಪೋರ್ಟೊರಿಕೊ ದ್ವೀಪವು ಸ್ಪೇನಿನ ಕೈಬಿಟ್ಟು ಅಮೆರಿಕ ಸಂಯುಕ್ತ ಸಂಸ್ಥಾನದ ವಶವಾಯಿತು. 1917ರಲ್ಲಿ ದ್ವೀಪವಾಸಿಗಳಿಗೆ ಅಮೆರಿಕದ ಪೌರತ್ವವು ದೊರೆಯಿತು. ಅದೇ ವರ್ಷ ಜೇಮ್ಸ್ ರೀಸ್ ಯೂರೋಪ್ ಎಂಬ ಕರಿಯ ಜನಾಂಗದ ಬ್ಯಾಂಡ್ ನಾಯಕನು, ಮುಂದೆ 369ನೆಯ ಪದಾತಿ ದಳವೆಂದು ಹೆಸರಾದ ಪಡೆಗೆ ವಾದ್ಯಗಾರರನ್ನು ಅರಸುತ್ತ ಆ ದ್ವೀಪಕ್ಕೆ ಹೋದನು. ಅಲ್ಲಿ ಸ್ವರಲಿಪಿಯನ್ನು ಓದಬಲ್ಲ, ಊರ ಬ್ಯಾಂಡುಗಳಲ್ಲಿ ಪಳಗಿದ ವಾದಕರು ಅವನಿಗೆ ದೊರೆತರು. ಅವರಲ್ಲೊಬ್ಬನು ರಫಾಯೆಲ್ ಎರ್ನಾಂಡೆಸ್. ಫ್ರಾನ್ಸಿನ ರಣಭೂಮಿಯಿಂದ ಹಿಂದಿರುಗಿದ ಮೇಲೆ ಈತನು ನ್ಯೂಯಾರ್ಕಿನಲ್ಲಿ ನಿಂತನು.

ರಫಾಯೆಲನ ಕೀರ್ತಿಯು ದೊಡ್ಡದು. ಆದರೆ ಕೇರಿಯ ಚರಿತ್ರೆಗೆ ಅವನಿಗಿಂತಲೂ ಅವನ ತಂಗಿ ವಿಕ್ಟೋರಿಯಾ ಮುಖ್ಯಳೆಂದು ನನ್ನ ಅಭಿಪ್ರಾಯ. ಹೊಲಿಗೆಯ ಕೆಲಸದಿಂದ ಜೀವನವನ್ನು ನಡೆಸುತ್ತಿದ್ದ ಆಕೆಯು 1927ರಲ್ಲಿ ಪೂರ್ವ ಹಾರ್ಲೆಮಿನಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿಯೊಂದನ್ನು ತೆರೆದಳು. ಒಳಗೆ ಪಿಯಾನೊ ಪಾಠವನ್ನೂ ಹೇಳುತ್ತಿದ್ದಳು. ದೊಡ್ಡ ತಟ್ಟೆ ಕಂಪೆನಿಗಳಿಗೆ ಕೇರಿಯ ಗಾಯಕರ ಪರಿಚಯವಿರಲಿಲ್ಲ. ಗಾಯಕರಿಗೆ ಕಂಪೆನಿಯ ಬಾಗಿಲು ತಿಳಿದಿರಲಿಲ್ಲ. ಯಾವ ಹಾಡು ಬಿಕರಿಯಾಗುವುದೆಂಬುದನ್ನು ಬಲ್ಲವರು ಅಂಗಡಿಯವರೇ. ವಾದಕರು ಕೆಲಸವನ್ನು ಹುಡುಕುತ್ತ ಅಲ್ಲಿಗೆ ಬರುವರು, ಅಲ್ಲಿಯೇ ಮೇಳ ಕಟ್ಟುವರು. ನಮ್ಮಲ್ಲಿ ಅರಸರೂ ಮಠಗಳೂ ಸಂಗೀತಕ್ಕೆ ಆಶ್ರಯವಾದುದನ್ನು ಪದೇ ಪದೇ ಬರೆಯುತ್ತೇವೆ. ಚಿಲ್ಲರೆ ಅಂಗಡಿಯೊಂದು ಆಶ್ರಯವಾದುದನ್ನು ಬರೆಯುವ ರೂಢಿ ಇಲ್ಲ. ರಫಾಯೆಲನು ತನ್ನ ಮೇಳವೊಂದಕ್ಕೆ 'ಕುಆರ್ತೆತೊ ವಿಕ್ಟೋರಿಯಾ' ಎಂದು ತಂಗಿಯ ಹೆಸರನ್ನೇ ಇಟ್ಟನು.

1929ರಲ್ಲಿ ರಫಾಯೆಲನು ರಚಿಸಿದ 'ಲಮೆಂತೊ ಬೋರಿಂಕಾನೊ' ಎಂಬ ಹಾಡಿನ ವಸ್ತು ಸರಳವಾದುದು. ರೈತನೊಬ್ಬನು ಆಸೆಯಿಂದ ಸರಕು ಹೊತ್ತು ಪೇಟೆಗೆ ಹೋಗುವನು. ಕೊಳ್ಳುವವರಿಲ್ಲದೆ ದುಃಖದಿಂದ ಹಿಂದಿರುಗುವನು. ಪೋರ್ಟೊರಿಕೊದ ಜನರು ಇದನ್ನು ತಮ್ಮ ನಾಡಗೀತವೆಂಬಂತೆ ಹಾಡುತ್ತಾರೆ. ಆದರೆ ಅದು ಹುಟ್ಟಿದುದು ದ್ವೀಪದಲ್ಲಲ್ಲ, ನ್ಯೂಯಾರ್ಕಿನಲ್ಲಿ. ಊರನ್ನು ಬಿಟ್ಟವನಿಗೆ ಊರು ಹೆಚ್ಚು ಸ್ಪಷ್ಟವಾಗಿ ಕಾಣುವುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ಬೇಕಿಲ್ಲ.

ಕ್ಯೂಬಾದ ಪಾಲನ್ನು ಇನ್ನು ನೋಡೋಣ. ಹವಾನಾದಿಂದ ಬಂದ ಮಾರಿಯೊ ಬೌಸಾ ಎಂಬ ತುತೂರಿ ವಾದಕನು ಚಿಕ್ ವೆಬ್, ಕ್ಯಾಬ್ ಕ್ಯಾಲೊವೆ ಇವರ ಜಾಸ್ ಮೇಳಗಳಲ್ಲಿ ನುಡಿಸಿದವನು. ಇವನ ಭಾವಮೈದುನನಾದ ಮಚೀತೊ 1940ರಲ್ಲಿ 'ಆಫ್ರೊ-ಕ್ಯೂಬನ್ಸ್' ಎಂಬ ಮೇಳವನ್ನು ಕಟ್ಟಿದನು. ಬೌಸಾ ಅದರ ಸಂಗೀತ ನಿರ್ದೇಶಕನಾದನು. ಮೇಳವು ಮೊದಲು ಜನರೆದುರಿಗೆ ಬಂದುದು 110ನೆಯ ಬೀದಿಯ ಪಾರ್ಕ್ ಪ್ಯಾಲೆಸ್ ಎಂಬ ನೃತ್ಯಶಾಲೆಯಲ್ಲಿ, ಎಂದರೆ ಈ ಕೇರಿಯಲ್ಲಿಯೇ. ವರ್ಣಭೇದವು ಪ್ರಬಲವಾಗಿದ್ದ ಆ ದಿನಗಳಲ್ಲಿ ಆಫ್ರಿಕದ ಹೆಸರನ್ನು ಫಲಕದ ಮೇಲೆ ಬರೆಯಿಸಿಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ. ಜಾಸ್ ಸ್ವರಮೇಳವನ್ನು 'ಕ್ಲಾವೆ'ಯ ಮೇಲೆ ಕೂರಿಸಿದುದು ಇವರ ಸಾಧನೆ. ಕ್ಲಾವೆ ಎಂದರೆ ಎರಡು ಕೋಲುಗಳಿಂದ ನುಡಿಸುವ ಐದು ಪೆಟ್ಟುಗಳ ಲಯ. ಒಂದು ಭಾಗದಲ್ಲಿ ಮೂರು, ಇನ್ನೊಂದರಲ್ಲಿ ಎರಡು. ನಮ್ಮ ತಾಳಕ್ಕೆ ಇದನ್ನು ಹೋಲಿಸಬಹುದಾದರೂ ಭೇದವಿದೆ: ತಾಳವು ಎಣಿಕೆಯ ಚೌಕಟ್ಟು, ಕ್ಲಾವೆಯಾದರೋ ತಾನೇ ಒಂದು ಲಯಾಕೃತಿ. ಕೋಲುಗಳು ಸುಮ್ಮನಿದ್ದರೂ ವಾದಕರೆಲ್ಲರೂ ಅದಕ್ಕೆ ಅಧೀನರು.

ಕೇರಿಯಲ್ಲಿಯೇ ಬೆಳೆದ ತೀತೊ ಪುಎಂತೆ (1923-2000) ಈ ಎರಡು ಧಾರೆಗಳ ಸಂಗಮವು. ತಂದೆತಾಯಿಗಳು ಪೋರ್ಟೊರಿಕೊದವರು, ಅಭ್ಯಾಸ ಮಾಡಿದುದು ಕ್ಯೂಬಾದ ಲಯಗಳನ್ನು, ಕಿವಿಗೆ ಬಿದ್ದುದು ಹಾರ್ಲೆಮಿನ ಜಾಸ್. ಬಾಲ್ಯದಲ್ಲಿ ವಿಕ್ಟೋರಿಯಾಳ ಬಳಿ ಪಿಯಾನೊ ಕಲಿತನೆಂದು ಪ್ರತೀತಿ. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದು, ಯೋಧರಿಗೆ ದೊರೆತ ಸರಕಾರದ ನೆರವಿನಿಂದ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ವ್ಯಾಸಂಗ ಮಾಡಿದನು. ಹಿಂದಿನ ಸಾಲಿನಲ್ಲಿರುತ್ತಿದ್ದ ತಿಂಬಾಲೆಸ್ ಎಂಬ ಜೋಡಿ ಡೋಲುಗಳನ್ನು ರಂಗದ ಮುಂಭಾಗಕ್ಕೆ ತಂದು ನಿಂತು ನುಡಿಸಿದನು. ಇಂತಹವನನ್ನು ಕ್ಯೂಬಾದ ಲೆಕ್ಕಕ್ಕೆ ಬರೆಯುವುದೇ, ಪೋರ್ಟೊರಿಕೊದ ಲೆಕ್ಕಕ್ಕೆ ಬರೆಯುವುದೇ?

ಮುಂದಿನ ಕಥೆಯು ಬಹುಶ್ರುತವಾದುದರಿಂದ ವಿಸ್ತರಿಸುವುದಿಲ್ಲ. ಕೇರಿಯ ಇನ್ನೊಬ್ಬ ಮಗನಾದ ಜೋ ಕ್ಯೂಬಾ 1966ರಲ್ಲಿ 'ಬ್ಯಾಂಗ್ ಬ್ಯಾಂಗ್' ಎಂಬ ಬೂಗಲೂ ಹಾಡಿನಿಂದ ಪ್ರಸಿದ್ಧನಾದನು. ಹೆಸರಿನಿಂದ ಮೋಸಹೋಗಬಾರದು, ಅವನ ಮೂಲವೂ ಪೋರ್ಟೊರಿಕೊ. 1964ರಲ್ಲಿ ಸ್ಥಾಪಿತವಾದ ಫಾನಿಯಾ ಕಂಪೆನಿಯು 1970ರ ದಶಕದಲ್ಲಿ ಈ ಸಂಗೀತವನ್ನೆಲ್ಲ 'ಸಾಲ್ಸಾ' ಎಂಬ ಒಂದೇ ಹೆಸರಿನಲ್ಲಿ ಮಾರಿತು. ಸಾಲ್ಸಾ ಎಂದರೆ ವ್ಯಂಜನ. ಅದನ್ನು ತಿನ್ನಬಹುದೇ ಹೊರತು ನುಡಿಸಲಾಗದೆಂದು ಪುಎಂತೆಯು ಪರಿಹಾಸ ಮಾಡುತ್ತಿದ್ದನು.

ಅಷ್ಟರಲ್ಲಿ ಕೇರಿಯ ರೂಪವೇ ಬದಲಾಗಿತ್ತು. ಯುದ್ಧಾನಂತರ ಹಳೆಯ ವಠಾರಗಳ ಸಾಲುಗಳನ್ನು ಕೆಡವಿ ಸರಕಾರದ ಎತ್ತರದ ವಸತಿಗೃಹಗಳನ್ನು ಕಟ್ಟಿದರು. ಹೊಸ ಮನೆಗಳಲ್ಲಿ ನೀರೂ ಬೆಳಕೂ ಚೆನ್ನಾಗಿದ್ದುವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬೀದಿಗೆ ಬಾಗಿಲು ತೆರೆದಿದ್ದ ಅಂಗಡಿಗಳ ಸಾಲು ಅವುಗಳಲ್ಲಿ ಇರಲಿಲ್ಲ. ಅನೇಕರು ಹೊಳೆಯಾಚೆಯ ಬ್ರಾಂಕ್ಸಿಗೆ ಸರಿದರು. ಕೇರಿಯಲ್ಲಿ 1969ರಲ್ಲಿ ಹುಟ್ಟಿದ 'ಮ್ಯೂಸಿಯೊ ದೆಲ್ ಬಾರಿಯೊ' ಎಂಬ ವಸ್ತುಸಂಗ್ರಹಾಲಯವೂ, ಪುಎಂತೆಯ ಹೆಸರನ್ನು ಹೊತ್ತ 110ನೆಯ ಬೀದಿಯೂ ಹಿಂದಿನದನ್ನು ನೆನಪಿಸುತ್ತವೆ.

ವಿಕ್ಟೋರಿಯಾ ಹಾರ್ಲೆಮಿನ ಅಂಗಡಿಯನ್ನು ಬಿಟ್ಟು 1941ರಲ್ಲಿ ಬ್ರಾಂಕ್ಸಿನ ಪ್ರಾಸ್ಪೆಕ್ಟ್ ಅವೆನ್ಯೂವಿನಲ್ಲಿ 'ಕಾಸಾ ಎರ್ನಾಂಡೆಸ್' ಎಂಬ ಮತ್ತೊಂದನ್ನು ತೆರೆದಿದ್ದಳು. 1969ರಲ್ಲಿ ಅದು ಗೀತಕಾರನಾದ ಮೈಕ್ ಆಮಾದೆಯೊವಿನ ಕೈಗೆ ಬಂದು 'ಕಾಸಾ ಆಮಾದೆಯೊ' ಆಯಿತು. 2001ರಲ್ಲಿ ಅಮೆರಿಕ ಸರಕಾರವು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ನಮೂದಿಸಿತು.