ವ್ಯಾಕ್ಯೂಮ್ ಪೈಪ್ ಸೋರಿಕೆ

ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರಿದ ರಬ್ಬರ್ ಪೈಪುಗಳು ಬಿರಿದೋ ಸಡಿಲಗೊಂಡೋ, ಏರ್ ಫಿಲ್ಟರ್ ಮತ್ತು ಥ್ರಾಟಲ್ ಎರಡನ್ನೂ ತಪ್ಪಿಸಿ ಗಾಳಿ ಒಳನುಗ್ಗುವ ದೋಷವೇ ವ್ಯಾಕ್ಯೂಮ್ ಸೋರಿಕೆ. ಗ್ಯಾರೇಜಿನವರ ಮಾತಿನಲ್ಲಿ ಇದು ‘ಏರ್ ಲೀಕ್’. ಗಾಡಿ ತಾನೇ ರೇಸ್ ಆಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಸಾದಹಳ್ಳಿ ಟೋಲ್ ಸಾಲಿನಲ್ಲಿ ನಿಂತರೆ ನಡುಗಿ ಆಫ್ ಆಗುತ್ತದೆ ಎಂಬುವು ಮಾಲೀಕರು ಹೊತ್ತು ತರುವ ದೂರುಗಳು. ಪೈಪಿನ ಬೆಲೆ ಅಲ್ಪ. ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಬದಲಾಯಿಸಿ ಆದ ಮೇಲೆ ಪೈಪಿನತ್ತ ನೋಡುವ ರೂಢಿಯೇ ದುಬಾರಿ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಪಿಸ್ಟನ್ ಗಾಳಿಯನ್ನು ಎಳೆಯುತ್ತಲೇ ಇರುವುದರಿಂದ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಒತ್ತಡದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಈ ಎಳೆತದ ಬಲದಲ್ಲೇ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು. ಕ್ರ್ಯಾಂಕ್‌ಕೇಸಿನ ಹಬೆ, ಪೆಟ್ರೋಲ್ ಟ್ಯಾಂಕಿನ ಆವಿ ಎಂಜಿನ್ನಿಗೆ ಬಂದು ಉರಿಯುವುದೂ ಇದರಿಂದಲೇ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಲೆಕ್ಕಕ್ಕೆ ಸಿಗದ ಗಾಳಿ ಸೇರಿದರೆ ಮಿಶ್ರಣ ತೆಳುವಾಗಿ ಮಿಸ್ಸಿಂಗ್ ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿ ಥ್ರಾಟಲ್ ತೆರೆದಾಗ ಮ್ಯಾನಿಫೋಲ್ಡಿನ ಎಳೆತ ತಗ್ಗುತ್ತದೆ, ಒಳಬರುವ ಒಟ್ಟು ಗಾಳಿಯಲ್ಲಿ ಸೋರಿಕೆಯ ಪಾಲು ಸಣ್ಣದಾಗುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ಕಾರು ನೆಲಮಂಗಲದ ಜಂಕ್ಷನ್ನಿನಲ್ಲಿ ನಿಂತೊಡನೆ ಹಟ ಹಿಡಿಯುವುದು ಹೀಗಾಗಿ.

ಪತ್ತೆಯ ಹಳೆಯ ಸಾಧನ ವ್ಯಾಕ್ಯೂಮ್ ಗೇಜ್. ಸುಸ್ಥಿತಿಯ ಎಂಜಿನ್ ಐಡ್ಲಿಂಗ್‌ನಲ್ಲಿ 18ರಿಂದ 22 ಅಂಗುಲ ಪಾದರಸ ತೋರಿಸಬೇಕು ಎಂದು ಕೈಪಿಡಿಗಳು ಹೇಳುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಎತ್ತರ ಏರಿದಂತೆ ಪಾದರಸ ಇಳಿಯುತ್ತದೆ ಎಂಬುದು ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟದಲ್ಲಿ ಪಾಸ್ಕಲ್ ಮಾಡಿಸಿದ ಪ್ರಯೋಗದಿಂದ 1648ರಲ್ಲೇ ಗೊತ್ತಾಗಿತ್ತು. ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಅಂಗುಲದ ಇಳಿತ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಇದೇ ಪ್ರಸ್ಥಭೂಮಿಯ ಮೇಲಿವೆ. ಹಾಗಾಗಿ ಇಲ್ಲಿ 16 ಅಂಗುಲ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಆರೋಗ್ಯವಂತ ಎಂಜಿನ್ನೇ. ಅದೇ ಕಾರು ಮಂಗಳೂರಿನಲ್ಲಿ 16 ತೋರಿಸಿದರೆ ಅನುಮಾನಿಸಬಹುದು. ಭಾನುವಾರದ ಬೆಳಗ್ಗೆ 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿದ ಕಾರಿನಲ್ಲಂತೂ ಮುಳ್ಳು ಇನ್ನೂ ಎರಡು ಅಂಗುಲದಷ್ಟು ಕೆಳಗೆ ನಿಲ್ಲುತ್ತದೆ. ಸೋರಿಕೆ ಇದ್ದಾಗ ಮುಳ್ಳು ಇದಕ್ಕಿಂತಲೂ ತೀರಾ ಕೆಳಗೆ ಇರುತ್ತದೆ, ಆದರೆ ಅಲ್ಲಾಡುವುದಿಲ್ಲ. ತಾಳಬದ್ಧವಾಗಿ ಕುಣಿದರೆ ವಾಲ್ವಿನತ್ತ ನೋಡಬೇಕು.

ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಇದ್ದ ಕಾರಿನಲ್ಲಿ ಸೋರಿದ ಗಾಳಿ ಅದರ ಕಣ್ಣು ತಪ್ಪಿಸುತ್ತದೆ. ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಆ ತಿದ್ದುಪಡಿಯ ಲೆಕ್ಕವಾದ ಫ್ಯುಯೆಲ್ ಟ್ರಿಮ್ ಏರುತ್ತದೆ, ಮಿಶ್ರಣ ತೆಳು ಎನ್ನುವ ಪಿ0171 ಕೋಡ್ ಬೀಳುತ್ತದೆ. ನಮ್ಮ ರಸ್ತೆಯ ಅನೇಕ ಸಣ್ಣ ಕಾರುಗಳಲ್ಲಿರುವುದು ಮ್ಯಾನಿಫೋಲ್ಡಿನ ಒತ್ತಡವನ್ನು ನೋಡುವ ಮ್ಯಾಪ್ ಸೆನ್ಸರ್. ಸೋರಿಕೆಯಿಂದ ಏರಿದ ಒತ್ತಡ ಅದಕ್ಕೆ ಕಾಣುವುದರಿಂದ ಪೆಟ್ರೋಲೂ ತಕ್ಕಂತೆ ಹೆಚ್ಚುತ್ತದೆ. ಟ್ರಿಮ್ ಸರಿಯಾಗಿಯೇ ಕಂಡು ಐಡ್ಲಿಂಗ್ ಮಾತ್ರ ಏರುತ್ತದೆ, ಕೋಡ್ ಬಂದರೆ ಐಡ್ಲಿಂಗ್ ಹೆಚ್ಚಾಗಿದೆ ಎನ್ನುವ ಪಿ0507 ಬರುತ್ತದೆ. ಟ್ರಿಮ್ ಒಂದನ್ನೇ ನೋಡಿ ‘ಲೀಕ್ ಇಲ್ಲ’ ಎಂದವರು ಇಲ್ಲಿ ಎಡವುತ್ತಾರೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದಲೂ ಟ್ರಿಮ್ ಏರಬಹುದು. ಆ ಏರಿಕೆ ಐಡ್ಲಿಂಗ್‌ನಲ್ಲಿಯೂ 2,500 ಆರ್‌ಪಿಎಂನಲ್ಲಿಯೂ ಹೆಚ್ಚುಕಡಿಮೆ ಒಂದೇ. ಸೋರಿಕೆಯದು ವೇಗ ಹೆಚ್ಚಿದಂತೆ ಕರಗುತ್ತದೆ. ಕಾರು ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ ಈ ಜಿಲ್ಲೆಯಲ್ಲಿ ಸುಮಾರು 91 ಕಿಲೋಪಾಸ್ಕಲ್ ತೋರಿಸಬೇಕು. 101 ತೋರಿಸಿದರೆ ಸೆನ್ಸರ್ ಮೇಲೆಯೇ ಸಂಶಯ.

ಎಮಿಷನ್ ಟೆಸ್ಟಿನ ಚೀಟಿಯೂ ಸುಳಿವು ಕೊಡುತ್ತದೆ. ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತೀರಾ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಮಿತಿ ಮೀರಿದ್ದರೆ, ತೆಳು ಮಿಶ್ರಣ ಉರಿಯದೆ ಹಾಗೇ ಹೊರಬೀಳುತ್ತಿದೆ ಎಂದು ಅರ್ಥ. ಆ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು.

ಜಾಗ ಹುಡುಕಲು ಮೊದಲು ಕಿವಿ, ಆಮೇಲೆ ಕೈ. ತೆಳುವಾದ ಒಂದು ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಫ್ಯಾನು, ಬೆಲ್ಟುಗಳಿಂದ ದೂರವಿಟ್ಟು ಜೋಡಣೆಗಳ ಸುತ್ತ ಆಡಿಸಿದರೆ ‘ಸುಯ್’ ಸದ್ದು ಹಿಡಿಯಬಹುದು. ಮುಂದಿನದು ಒಂದೊಂದೇ ಪೈಪನ್ನು ಮ್ಯಾನಿಫೋಲ್ಡಿನ ಬುಡದಲ್ಲಿ ಹಿಚುಕಿ ನೋಡುವುದು: ಯಾವುದನ್ನು ಹಿಚುಕಿದಾಗ ಐಡ್ಲಿಂಗ್ ಸರಿಯಾಗುತ್ತದೋ ದೋಷ ಆ ಪೈಪಿನಲ್ಲಿ ಅಥವಾ ಅದರ ಆಚೆ ತುದಿಯ ಭಾಗದಲ್ಲಿದೆ. ಬ್ರೇಕ್ ಬೂಸ್ಟರ್ ಪೈಪಿನಿಂದಲೇ ಶುರು ಮಾಡುವುದು ಜಾಣತನ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವ ಪದ್ಧತಿ ಬೆಂಕಿಗೆ ಆಹ್ವಾನ. ಕಾರ್ಬ್ಯುರೇಟರ್ ಕ್ಲೀನರ್ ಕೂಡ ಹೊತ್ತಿಕೊಳ್ಳುವಂಥದ್ದೇ. ಎಂಜಿನ್ ನಿಲ್ಲಿಸಿ ಒಳಗೆ ಮಂದ ಒತ್ತಡದಲ್ಲಿ ಹೊಗೆ ತುಂಬುವ ಸ್ಮೋಕ್ ಯಂತ್ರ ಎಲ್ಲಕ್ಕಿಂತ ನಿಖರ. ಹೊಗೆ ಬಂದ ಕಡೆ ತೂತು.

ರಬ್ಬರ್ ಕೆಡುವುದು ಎಂಜಿನ್ ಶಾಖ ಮತ್ತು ಎಣ್ಣೆಯ ಹಬೆಯಿಂದ. ಹಳ್ಳಿಯ ಕಡೆ ಇಲಿ, ಹೆಗ್ಗಣಗಳ ಪಾಲೂ ಇದೆ. ರಾಗಿಹುಲ್ಲಿನ ಬಣವೆಯ ಪಕ್ಕ ವಾರಗಟ್ಟಲೆ ನಿಂತ ಕಾರಿನಲ್ಲಿ ಹಲ್ಲಿನ ಗುರುತು ಹುಡುಕುವುದು ಒಳ್ಳೆಯದು. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಟ್ಯಾಕ್ಸಿಗಳಲ್ಲಿ ಗ್ಯಾಸ್ ನಾಝಲ್‌ಗಾಗಿ ಮ್ಯಾನಿಫೋಲ್ಡಿಗೆ ತೂತು ಕೊರೆದು, ಒತ್ತಡದ ಸಂಕೇತಕ್ಕೆಂದು ‘ಟಿ’ ಜೋಡಣೆ ಕೂರಿಸಿರುತ್ತಾರೆ. ಪ್ರತಿ ಹೊಸ ಜೋಡಣೆಯೂ ಸೋರಿಕೆಗೆ ಹೊಸ ಜಾಗ.

ಡೀಸೆಲ್ ಗಾಡಿಗಳ ಕಥೆ ಬೇರೆ. 1998ರಿಂದ ಹೊಸಕೋಟೆಯಲ್ಲಿ ತಯಾರಾಗುತ್ತಿರುವ ವೋಲ್ವೋದಂಥ ದೊಡ್ಡ ವಾಹನಗಳಿಗೆ ಏರ್ ಬ್ರೇಕ್ ಇರುತ್ತದೆ. ಡೀಸೆಲ್ ಕಾರು, ಜೀಪುಗಳಲ್ಲಿ ನಿರ್ವಾತ ಬರುವುದು ಪ್ರತ್ಯೇಕ ಪಂಪಿನಿಂದ; ಅಲ್ಲಿ ಪೈಪ್ ಸೋರಿದರೆ ಐಡ್ಲಿಂಗ್ ಕೆಡದೆ, ಬ್ರೇಕ್ ಗಟ್ಟಿಯಾಗುವುದೋ ಟರ್ಬೊ ಪಿಕಪ್ ಬಿದ್ದುಹೋಗುವುದೋ ಆಗುತ್ತದೆ.

ಬದಲಿ ಪೈಪ್ ವ್ಯಾಕ್ಯೂಮಿಗೆಂದೇ ಮಾಡಿದ್ದಾಗಿರಬೇಕು; ನೀರಿನ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಬೂಸ್ಟರ್ ಪರೀಕ್ಷೆಗೆ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕಾಲಿಟ್ಟುಕೊಂಡೇ ಸ್ಟಾರ್ಟ್ ಮಾಡಬೇಕು: ಪೆಡಲ್ ಕೊಂಚ ಕೆಳಗಿಳಿದರೆ ಸರಿ. ಇಳಿಯದೆ ಕಲ್ಲಿನಂತೆ ನಿಂತರೆ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ ಅಥವಾ ಟೋ ಮಾಡಿಸಿ.