ಮೂರು ಹಳೆಯ ಚಿತ್ರಗಳು ಮತ್ತು ಎರಡು ಅಂಕದ ಒಂದು ಪ್ರಶ್ನೆ

ನಿವೃತ್ತನಾದ ಮೇಲೆ ಹಳೆಯ ಕನ್ನಡ ಚಲನಚಿತ್ರಗಳನ್ನು ನೋಡುವುದು ನನ್ನ ಸಂಜೆಯ ಅಭ್ಯಾಸವಾಗಿದೆ. ನಮ್ಮ ಬಾಲ್ಯದಲ್ಲಿ ಟೂರಿಂಗ್ ಟಾಕೀಸು ಊರಿಗೆ ಬರುವವರೆಗೆ ಕಾಯಬೇಕಾಗಿತ್ತು. ಈಗ ಯೂಟ್ಯೂಬ್ ತೆರೆದರೆ ಸಾಕು, ರಾಜಕುಮಾರ್ ಅವರ ಐತಿಹಾಸಿಕ ಚಿತ್ರಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಕಳೆದ ಕೆಲವು ವಾರಗಳಲ್ಲಿ ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಮತ್ತು ‘ಕಿತ್ತೂರು ಚೆನ್ನಮ್ಮ’ (1961) ಈ ಮೂರನ್ನೂ ಮತ್ತೊಮ್ಮೆ ನೋಡಿದೆ. ಮೂರೂ ನನಗೆ ಸಂತೋಷವನ್ನೇ ಕೊಟ್ಟವು. ಆದರೆ ಜೀವನವಿಡೀ ಇತಿಹಾಸ ಪಾಠ ಹೇಳಿದವನಿಗೆ ಚಿತ್ರ ಮುಗಿದ ಕೂಡಲೇ ಎದ್ದು ಹೋಗಲಾಗುವುದಿಲ್ಲ. ಕಪಾಟಿನಿಂದ ಪುಸ್ತಕ ತೆಗೆದು ತಾಳೆ ನೋಡುವ ಚಾಳಿ ಇನ್ನೂ ಬಿಟ್ಟಿಲ್ಲ. ಹಾಗೆ ನೋಡಿದಾಗ ತೋಚಿದ ಕೆಲವು ವಿಚಾರಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕೃಷ್ಣದೇವರಾಯ. ಬಿ.ಆರ್. ಪಂತುಲು ಅವರು ಚಿತ್ರವನ್ನು ನಿರ್ದೇಶಿಸಿ, ತಾವೇ ತಿಮ್ಮರುಸುವಿನ ಪಾತ್ರವನ್ನೂ ವಹಿಸಿದ್ದಾರೆ. ರಾಜಕುಮಾರ್ ಸಿಂಹಾಸನದ ಮೇಲೆ ಕುಳಿತರೆ ಕೃಷ್ಣದೇವರಾಯನೇ ಕುಳಿತಂತೆ ನಮಗೆ ತೋರುತ್ತದೆ. ಸುಮಾರು 1520ರಲ್ಲಿ ಆ ಅರಸನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ ವರ್ಣನೆ ಸ್ವಲ್ಪ ಬೇರೆ. ಮಧ್ಯಮ ಎತ್ತರ, ಬಿಳಿಯ ಮೈಬಣ್ಣ, ತೆಳ್ಳಗೆ ಎನ್ನುವುದಕ್ಕಿಂತ ತುಸು ದಪ್ಪ ಎನ್ನಬಹುದಾದ ಶರೀರ, ಮುಖದಲ್ಲಿ ಸಿಡುಬಿನ ಕಲೆಗಳು. ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮತ್ತು ಕುಸ್ತಿ ಮಾಡಿ, ಕುದುರೆ ಸವಾರಿ ಮಾಡುತ್ತಿದ್ದನಂತೆ. ಸಿಡುಬಿನ ಕಲೆಯಿಲ್ಲದ ಕೃಷ್ಣದೇವರಾಯನನ್ನು ಪರದೆಯ ಮೇಲೆ ತೋರಿಸಿದ್ದರಿಂದ ಇತಿಹಾಸಕ್ಕೆ ಏನೂ ನಷ್ಟವಿಲ್ಲ. ಇಂತಹ ಬದಲಾವಣೆಯನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

‘ಮಯೂರ’ದಲ್ಲಿ ಬದಲಾವಣೆ ಇನ್ನೊಂದು ಬಗೆಯದು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬ್ರಾಹ್ಮಣ ಕುಮಾರನಾಗಿ ಬೆಳೆದ ನಾಯಕನಿಗೆ ತಾನು ಕದಂಬ ರಾಜಕುಮಾರನೆಂಬುದು ಮುಂದೆ ತಿಳಿಯುತ್ತದೆ. ಕಳೆದುಹೋದ ಸಿಂಹಾಸನವನ್ನು ಅವನು ಮರಳಿ ಪಡೆಯುತ್ತಾನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ನನ್ನೊಡನೆ ಪ್ರವಾಸಕ್ಕೆ ಬಂದಿದ್ದವರಿಗೆ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬ ನೆನಪಿರಬೇಕು. ಐದನೆಯ ಶತಮಾನದ ಆ ಶಾಸನದಲ್ಲಿ ಕವಿ ಕುಬ್ಜನು ಹೇಳುವ ಕಥೆಯಲ್ಲಿ ಕಳೆದುಹೋದ ಸಿಂಹಾಸನವೇ ಇಲ್ಲ. ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯೆ ಕಲಿಯಲು ಕಂಚಿಯ ಘಟಿಕೆಗೆ ಹೋದ ವಿದ್ಯಾರ್ಥಿ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಆ ಅವಮಾನವನ್ನು ತಾಳಲಾರದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡನ್ನು ಸೇರಿ ಬಾಣರಿಂದ ಕಪ್ಪ ವಸೂಲು ಮಾಡಿದ. ಪಲ್ಲವರೇ ಕೊನೆಗೆ ಅವನಿಗೊಂದು ನಾಡನ್ನು ಬಿಟ್ಟುಕೊಡಬೇಕಾಯಿತು.

ಎರಡೂ ಕಥೆಗಳಲ್ಲಿ ಶೌರ್ಯವೇನೋ ಒಂದೇ, ಆದರೆ ಕಾರಣ ಬೇರೆ. ರಾಜನ ಮಗ ರಾಜನಾಗುವುದು ನ್ಯಾಯ ಎನ್ನುತ್ತದೆ ಚಿತ್ರ. ರಾಜನ ಮಗನಲ್ಲದವನೊಬ್ಬ ಕನ್ನಡ ನಾಡಿನ ಮೊದಲ ರಾಜವಂಶವನ್ನು ಕಟ್ಟಿದ ಎನ್ನುತ್ತದೆ ಶಾಸನ. ಮನಸ್ಸಿಗೆ ಹೆಚ್ಚು ತಟ್ಟುವುದು ಯಾವುದೆಂದು ನೀವೇ ಯೋಚಿಸಿ.

ಈಗ ಕಿತ್ತೂರಿಗೆ ಬರೋಣ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. 2025ರ ಜುಲೈ 14ರಂದು ಬಿ. ಸರೋಜಾದೇವಿಯವರು ತೀರಿಕೊಂಡಾಗ, ಅವರು ಚೆನ್ನಮ್ಮನಾಗಿ ಆಂಗ್ಲರಿಗೆ ಕಪ್ಪವೇಕೆ ಕೊಡಬೇಕೆಂದು ಗರ್ಜಿಸುವ ದೃಶ್ಯದ ತುಣುಕನ್ನು ಹಲವರು ನನಗೆ ಕಳುಹಿಸಿದಿರಿ. ಶಾಲೆಯ ಛದ್ಮವೇಷ ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ಕಚ್ಚೆ ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದು ಅದೇ ಮಾತನ್ನು ಒಪ್ಪಿಸುತ್ತಾರೆ. ನನ್ನ ಮೊಮ್ಮಗಳೂ ಹೋದ ವರ್ಷ ಒಪ್ಪಿಸಿ ಬಹುಮಾನ ತಂದಳು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ “ಕಿತ್ತೂರು ಯುದ್ಧಕ್ಕೆ ಕಾರಣವೇನು?” ಎಂಬ ಎರಡು ಅಂಕದ ಪ್ರಶ್ನೆಗೆ ಅರ್ಧ ತರಗತಿ ಬರೆಯುತ್ತಿದ್ದ ಉತ್ತರವೂ ಅದೇ: “ಚೆನ್ನಮ್ಮ ಕಪ್ಪ ಕೊಡಲು ನಿರಾಕರಿಸಿದಳು.” ಅವರಿಗೆಲ್ಲ ನಾನು ಒಂದೇ ಅಂಕ ಕೊಡುತ್ತಿದ್ದೆ. ಆ ಒಂದು ಅಂಕಕ್ಕಾಗಿ ನನ್ನ ಮೇಲೆ ಇನ್ನೂ ಮುನಿಸಿಕೊಂಡಿರುವವರು ದಯವಿಟ್ಟು ಮುಂದೆ ಓದಬೇಕು.

ಕಿತ್ತೂರು ಸಂಸ್ಥಾನವು 1818ರಲ್ಲಿ ಪೇಶ್ವೆಯ ವಿರುದ್ಧ ಆಂಗ್ಲರ ಪಕ್ಷ ವಹಿಸಿತ್ತು. ವರ್ಷಕ್ಕಿಷ್ಟು ಕಪ್ಪ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿತ್ತು. ಆಗ ಗದ್ದುಗೆಯಲ್ಲಿದ್ದವನು ಮಲ್ಲಸರ್ಜ ದೇಸಾಯಿಯ ಮಗ, ಹಿರಿಯ ರಾಣಿ ರುದ್ರಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಶಿವಲಿಂಗರುದ್ರಸರ್ಜ. ಅವನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮಗನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವೇ ಅನುಮಾನಾಸ್ಪದವೆಂದು ತಳ್ಳಿಹಾಕಿ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ. ಜಗಳ ಹುಟ್ಟಿದ್ದು ಇಲ್ಲಿ. ಒಂದು ಮನೆತನ ತನಗೆ ವಾರಸುದಾರನನ್ನು ತಾನೇ ಆರಿಸಿಕೊಳ್ಳಬಹುದೇ, ಇಲ್ಲವೇ ಅದಕ್ಕೂ ಕಂಪನಿಯ ಅಪ್ಪಣೆ ಬೇಕೇ ಎಂಬುದೇ ಪ್ರಶ್ನೆ.

ಚಿತ್ರದಲ್ಲಿ ಚೆನ್ನಮ್ಮನಾದಾಗ ಸರೋಜಾದೇವಿಯವರಿಗೆ ಇಪ್ಪತ್ಮೂರು ವರ್ಷ. ನಿಜವಾದ ಚೆನ್ನಮ್ಮ 1778ರಲ್ಲಿ ಕಾಕತಿಯಲ್ಲಿ ಹುಟ್ಟಿದಳೆಂಬುದು ರೂಢಿಯ ಲೆಕ್ಕ. 1824ರಲ್ಲಿ ಅವಳಿಗೆ ನಲವತ್ತಾರು. ಗಂಡ ಸತ್ತು ಎಂಟು ವರ್ಷ ಕಳೆದಿತ್ತು; ಸವತಿಯ ಮಗನೂ ಕಣ್ಮುಂದೆ ಹೋಗಿದ್ದ. ದತ್ತು ಬಂದ ಹುಡುಗನ ಹಕ್ಕಿಗಾಗಿ ಹೋರಾಡಲು ನಿಂತ ವಿಧವೆ ಅವಳು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ತೆಗೆಸಿದ ಎಲಿಯಟ್ ಇವನೇ. ಅಂದು ಅವನ ಪ್ರಾಣ ಚೆನ್ನಮ್ಮನ ಕೈಯಲ್ಲಿತ್ತು. ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಬಿಡಲಾಯಿತು. ಅದಾದ ಕೆಲವೇ ದಿನಗಳಲ್ಲಿ ದೊಡ್ಡ ಸೈನ್ಯದ ಮುಂದೆ ಕೋಟೆ ಬಿದ್ದಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಹಾಗಾದರೆ ಕಪ್ಪದ ಮಾತು ಎಲ್ಲಿಂದ ಬಂತು? ಪಂತುಲು ಅವರು ಚೆನ್ನಮ್ಮನ ಚಿತ್ರಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದಿದ್ದರು. ಅದರಲ್ಲಿಯೂ ಕಪ್ಪವೇಕೆಂದು ಆಂಗ್ಲ ಅಧಿಕಾರಿಯನ್ನು ಕೇಳುವ ಪ್ರಸಿದ್ಧ ದೃಶ್ಯವಿದೆ. ಪಾಂಜಾಲಂಕುರಿಚ್ಚಿಯ ಪಾಳೆಯಗಾರ ಕಟ್ಟಬೊಮ್ಮನಿಗೂ ಕಂಪನಿಗೂ ನಿಜವಾಗಿಯೂ ಕಂದಾಯದ ಬಾಕಿಯ ಜಗಳವಿತ್ತು; 1799ರಲ್ಲಿ ಅವನನ್ನು ಕಯತ್ತಾರಿನಲ್ಲಿ ಗಲ್ಲಿಗೇರಿಸಿದರು. ಅಲ್ಲಿ ಆ ಮಾತಿಗೆ ಇತಿಹಾಸದ ಆಧಾರವಿದೆ. ಅದೇ ಧಾಟಿಯ ಮಾತು ಅದೇ ನಿರ್ದೇಶಕರ ಕೈಯಲ್ಲಿ ಕಿತ್ತೂರಿನ ರಾಣಿಯ ಬಾಯಿಗೂ ಬಂತೆಂದು ನನ್ನ ಊಹೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದಾಗ “ಹಾಗಾದರೆ ನಾನು ಹೇಳಿದ್ದು ಸುಳ್ಳಾ, ಅಜ್ಜ?” ಎಂದು ಅವಳ ಮುಖ ಬಾಡಿತು. ಪೂರ್ತಿ ಸುಳ್ಳಲ್ಲ ಎಂದು ಅವಳಿಗೆ ಸಂಗೊಳ್ಳಿ ರಾಯಣ್ಣನ ಕಥೆ ಹೇಳಿದೆ. ರಾಯಣ್ಣ ಶೇತಸನದಿ, ಎಂದರೆ ಸಂಸ್ಥಾನದ ಚಾಕರಿಗಾಗಿ ಇನಾಮು ಜಮೀನು ಪಡೆದವನು. ಕಿತ್ತೂರು ಬಿದ್ದ ಮೇಲೆ ಹೊಸ ಸರ್ಕಾರ ಇಂತಹವರ ಜಮೀನಿಗೆ ಕೈಹಾಕಿತು, ಉಳಿದುದರ ಮೇಲೆ ಕಂದಾಯ ಏರಿಸಿತು. ದತ್ತುಪುತ್ರನನ್ನು ಮತ್ತೆ ಗದ್ದುಗೆಗೆ ತರಲೆಂದು ರಾಯಣ್ಣ ಕಾಡು ಸೇರಿದಾಗ 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಮರುವರ್ಷ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ರೈತನ ಮೇಲಿನ ಕಂದಾಯದ ಸಿಟ್ಟು ಕಿತ್ತೂರು ನಾಡಿನಲ್ಲಿ ಖಂಡಿತ ಇತ್ತು. ಆದರೆ ಅದು ಯುದ್ಧ ಸೋತ ಮೇಲೆ ಹಳ್ಳಿಹಳ್ಳಿಗಳಲ್ಲಿ ಹೊತ್ತಿದ ಬೆಂಕಿ.

ಇಷ್ಟು ಕೂದಲು ಸೀಳುವುದೇಕೆ ಎಂದು ಕೆಲವರು ಕೇಳಬಹುದು. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಡಾಲ್‌ಹೌಸಿಯದೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ನೀತಿಗೆ 1848ರಲ್ಲಿ ಸತಾರಾ ಬಲಿಯಾಯಿತು, ಅನಂತರ ಝಾನ್ಸಿ, ನಾಗಪುರ. ಕಿತ್ತೂರಿನಲ್ಲಿ ಇದೇ ಪ್ರಶ್ನೆಗೆ ರಕ್ತ ಹರಿದದ್ದು ಸತಾರಾಕ್ಕಿಂತ ಇಪ್ಪತ್ನಾಲ್ಕು ವರ್ಷ ಮೊದಲು. ಕಾರಣವನ್ನು “ಕಪ್ಪ” ಎಂದು ಬರೆದು ಮುಗಿಸಿದರೆ, ಝಾನ್ಸಿಯ ರಾಣಿಗಿಂತ ಮೂರು ದಶಕ ಮುಂಚೆಯೇ ಚೆನ್ನಮ್ಮ ಎದುರಿಸಿದ ಅನ್ಯಾಯ ಏನೆಂಬುದೇ ಮಕ್ಕಳಿಗೆ ತಿಳಿಯದೆ ಹೋಗುತ್ತದೆ. ನಾನು ಕಳೆದ ಆ ಒಂದು ಅಂಕ ಅದಕ್ಕಾಗಿ.

ಚಿತ್ರವನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಿರಿ. ನನ್ನಂತಹ ಮೇಷ್ಟರು ಹತ್ತು ಪಾಠದಲ್ಲಿ ಹುಟ್ಟಿಸಲಾರದ ಅಭಿಮಾನವನ್ನು ಸರೋಜಾದೇವಿಯವರು ಮೂರು ನಿಮಿಷದಲ್ಲಿ ಹುಟ್ಟಿಸುತ್ತಾರೆ. ಮುಗಿದ ಮೇಲೆ ಜಗಳ ಯಾವುದಕ್ಕಾಗಿ ನಡೆಯಿತೆಂದು ಅವರನ್ನೊಮ್ಮೆ ಕೇಳಿರಿ. ಅನುಕೂಲವಿದ್ದರೆ ರಜೆಯಲ್ಲಿ ಕಿತ್ತೂರಿನ ಕೋಟೆ, ಬೈಲಹೊಂಗಲದ ಸಮಾಧಿ, ನಂದಗಡ ಮೂರನ್ನೂ ತೋರಿಸಿಕೊಂಡು ಬನ್ನಿ. ಮೂರೂ ಬೆಳಗಾವಿ ಜಿಲ್ಲೆಯಲ್ಲಿಯೇ ಇವೆ.